ಹಡಗಿನ ಸ್ಟಾಂಪು

ಮದ್ದೂರಿನ ಪಾರ್ಥಸಾರಥಿ ಮೇಷ್ಟ್ರ ಮನೆಗೆ ಹೋದವರಿಗೆ ಕಾಫಿ ಸಿಕ್ಕರೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ಆದರೆ ಸ್ಟಾಂಪಿನ ಆಲ್ಬಂ ನೋಡದೆ ಯಾರೂ ಮೆಟ್ಟಿಲಿಳಿದದ್ದಿಲ್ಲ. ಕರೆಂಟಿನ ಮೀಟರು ನೋಡಲು ಬಂದವನೂ ಅಷ್ಟೆ, ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿಕೊಂಡೇ ಹೋಗಬೇಕು. "ಹತ್ತಿರ ಬನ್ನಿ, ಪರವಾಗಿಲ್ಲ. ಆದರೆ ಉಸಿರು ಮೆಲ್ಲಗೆ ಬಿಡಿ" ಎನ್ನುತ್ತಿದ್ದರು ಮೇಷ್ಟ್ರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿ ರಿಟೈರಾದವರು. ಹುಡುಗರ ಮೇಲಿದ್ದ ಜೋರೆಲ್ಲ ಈಗ ಬಂದುಹೋಗುವವರ ಮೇಲೆ.

ಆಲ್ಬಮ್ಮಿನ ಕೊನೇ ಪುಟದಲ್ಲಿ ಒಂದೇ ಒಂದು ಸ್ಟಾಂಪು. ಹಸಿರು ಬಣ್ಣ, ಮಧ್ಯೆ ಒಂದು ಹಡಗು. ಆಫ್ರಿಕಾದ ಒಂದು ಭಾಗ ಜರ್ಮನರ ಕೈಯಲ್ಲಿದ್ದಾಗ ಅವರು ತಮ್ಮ ಚಕ್ರವರ್ತಿಯ ಹಡಗಿನ ಚಿತ್ರ ಹಾಕಿ ಅಚ್ಚು ಹಾಕಿಸಿದ್ದು. ಹದಿನಾಲ್ಕನೇ ಇಸವಿಯ ಯುದ್ಧ ಶುರುವಾಗಿ, ಮಾಫಿಯಾ ಎನ್ನುವ ಪುಟ್ಟ ದ್ವೀಪ ಬ್ರಿಟಿಷರ ಪಾಲಾಯಿತು. ಅಲ್ಲಿಗೆಂದು ಹೊಸ ಸ್ಟಾಂಪು ಎಲ್ಲಿಂದ ತರುತ್ತಾರೆ? ಜರ್ಮನರದೇ ಸ್ಟಾಂಪಿನ ಮೇಲೆ ಕಪ್ಪು ಶಾಯಿಯಲ್ಲಿ "ಜಿ.ಆರ್. ಮಾಫಿಯಾ" ಎಂದು ಇಂಗ್ಲಿಷಿನಲ್ಲಿ ತಮ್ಮ ದೊರೆಯ ಹೆಸರೂ ದ್ವೀಪದ ಹೆಸರೂ ಒತ್ತಿಬಿಟ್ಟರು. ಗೆದ್ದ ಮನೆಯ ಪಾತ್ರೆಗೆ ನಮ್ಮ ಹೆಸರು ಕೊರೆಸಿಕೊಂಡ ಹಾಗೆ. ಆ ಗಡಿಬಿಡಿಯಲ್ಲಿ ಕೆಲವು ತಲೆಕೆಳಗಾಗಿ ಬಿದ್ದವು. ಸ್ಟಾಂಪಿನ ಹುಚ್ಚಿರುವವರು ಪ್ರಾಣ ಬಿಡುವುದೇ ಅಂಥದ್ದಕ್ಕೆ.

ಮೇಷ್ಟ್ರ ಸ್ಟಾಂಪು ತಲೆಕೆಳಗಾದದ್ದು. ಸಾಲದ್ದಕ್ಕೆ ಅದರ ಒಂದು ಮೂಲೆಯಲ್ಲಿ ತೆಳ್ಳಗೆ ಹಳದಿ ಕಲೆ. "ಆಫ್ರಿಕಾದ ಬಿಸಿಲು ಕಣ್ರೀ, ಅಲ್ಲಿಯ ಬಿಸಿಲೇ ಕೂತಿದೆ ಇದರ ಮೇಲೆ" ಎಂದು ಭೂತಗನ್ನಡಿ ಹಿಡಿದು ತೋರಿಸುತ್ತಿದ್ದರು. ಆ ಕಲೆಯ ಮೇಲೆ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ನಾಲ್ಕು ಪುಟದ ಲೇಖನವನ್ನೇ ಬರೆದಿದ್ದರು ಪುಣ್ಯಾತ್ಮರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ದೆಹಲಿಯಿಂದ ಕಾಗದ ಬಂತು. ದೊಡ್ಡ ಪ್ರದರ್ಶನ, ನಿಮ್ಮ ಸ್ಟಾಂಪು ಕಳಿಸಿಕೊಡಿ, ಪರದೇಶದ ಪಂಡಿತರು ಬರುತ್ತಾರೆ, ಅಂತ. ಮೇಷ್ಟ್ರು ಆ ಕಾಗದವನ್ನು ಪಂಚೆಯ ಮಡಿಲಲ್ಲಿಟ್ಟುಕೊಂಡು ಮದ್ದೂರೆಲ್ಲ ಸುತ್ತಿದರು. ಐವತ್ತೊಂಬತ್ತು ವರ್ಷದ ಮನುಷ್ಯ ಸೈಕಲ್ಲು ಸಿಕ್ಕ ಹೈದನ ಹಾಗೆ ಕುಣಿಯುತ್ತಿದ್ದರೆ ನೋಡಿದವರಿಗೆ ನಗು. ಅವರ ಹೆಂಡತಿ ಆಂಡಾಳಮ್ಮ ಮಾತ್ರ ನಗಲಿಲ್ಲ. "ಕಳಿಸಲೇಬೇಕಾ?" ಎಂದು ಎರಡು ಸಲ ಕೇಳಿದರು. "ನಿನಗೇನು ಗೊತ್ತಾಗತ್ತೆ, ಸುಮ್ಮನಿರು" ಎಂದರು ಇವರು. ಆಕೆ ಸುಮ್ಮನಾದರು. ಆಕೆಗೆ ಅದು ಅಭ್ಯಾಸವಾಗಿಹೋಗಿತ್ತು.

ಮಾರನೇ ದಿನ ರಿಜಿಸ್ಟರ್ ಮಾಡಿ ಕಳಿಸುವುದೆಂದು ಗೊತ್ತಾಯಿತು. ಅದರ ಹಿಂದಿನ ಮಧ್ಯಾಹ್ನ ಊಟ ಮುಗಿದು ಮೇಷ್ಟ್ರು ಕಿಟಕಿಯ ಪಕ್ಕದ ಮೇಜಿಗೆ ಕೂತರು. ಸ್ಟಾಂಪನ್ನು ಚಿಮಟದಲ್ಲಿ ಬಿಡಿಸಿ ಬಿಳೀ ಕಾಗದದ ಮೇಲಿಟ್ಟರು. ಬಾಯಲ್ಲಿ ಅಡಿಕೆ, ಎಡಗೈಯಲ್ಲಿ ವೀಳ್ಯದೆಲೆ, ಬಲಗೈ ಬೆರಳ ತುದಿಯಲ್ಲಿ ಸುಣ್ಣ. ಬೆಳಗಿನಿಂದ ಕರೆಂಟಿರಲಿಲ್ಲ. ಎಲೆಗೆ ಸುಣ್ಣ ಸವರಬೇಕು ಅನ್ನುವಷ್ಟರಲ್ಲಿ, ಅದೇ ಗಳಿಗೆ ನೋಡಿ ಬಂದಹಾಗೆ ಕರೆಂಟು ಬಂತು. ತಲೆಯ ಮೇಲಿನ ಫ್ಯಾನು ಗಿರ್ರನೆ ತಿರುಗಿತು. ಸ್ಟಾಂಪು ಎದ್ದು ಮೇಜಿನ ಅಂಚಿಗೆ ಹಾರಿತು. "ಅಯ್ಯಯ್ಯೋ!" ಎಂದು ಮೇಷ್ಟ್ರು ಚಂಗನೆ ಬಾಗಿ ಫಟ್ಟನೆ ಬೆರಳೊತ್ತಿ ಹಿಡಿದುಕೊಂಡರು.

ಸುಣ್ಣದ ಬೆರಳು.

ಕೈ ತೆಗೆದು ನೋಡುತ್ತಾರೆ, ಆಫ್ರಿಕಾದ ಬಿಸಿಲು ಕೆಂಪಗಾಗುತ್ತಿದೆ! ಹಳದಿ ಕಲೆಯಿದ್ದ ಮೂಲೆ ಕಣ್ಣೆದುರಿಗೇ ಕೆಂಪೇರಿತು. ಮೇಷ್ಟ್ರ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಸುಣ್ಣ ಸೋಕಿದರೆ ಯಾವ ಹಳದಿ ಕೆಂಪಾಗುತ್ತದೆ ಎಂದು ನಮ್ಮ ಕಡೆ ಎರಡನೇ ಕ್ಲಾಸಿನ ಮಗುವೂ ಹೇಳುತ್ತದೆ. ಹಸೆಯಿಂದೆದ್ದ ಮದುಮಕ್ಕಳಿಗೆ ಎತ್ತುವ ಆರತಿಯ ತಟ್ಟೆಯಲ್ಲಿರುವುದು ಇದೇ ಕೆಂಪು. ಅರಿಶಿನ.

ಜರ್ಮನಿಯವನು ಸ್ಟಾಂಪಿಗೆ ಅರಿಶಿನ ಹಚ್ಚುತ್ತಾನೆಯೇ? ಇರಲಿ, ನಮ್ಮ ಸಿಪಾಯಿಗಳೂ ಆ ಯುದ್ಧಕ್ಕೆ ಹೋಗಿದ್ದರಲ್ಲ, ಅಡಿಗೆ ಮಾಡುತ್ತಿದ್ದವನ ಕೈ ತಾಗಿರಬೇಕು. ಹೌದು, ಅಷ್ಟೇ. ಹಾಗೆಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತ "ಆಂಡಾಳ್! ಏ ಆಂಡಾಳ್, ಬಾ ಇಲ್ಲಿ" ಎಂದು ಕೂಗಿದರು.

ಆಂಡಾಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಸ್ಟಾಂಪಿನ ಕೆಂಪು ಮೂಲೆ ಕಂಡದ್ದೇ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತುಬಿಟ್ಟರು.

"ಏನಾಯ್ತೇ? ತಲೆ ಸುತ್ತಿತಾ?"

"ಇಲ್ಲ. ಆ ಅರಿಶಿನ ನಾನು ಹಚ್ಚಿದ್ದು" ಎಂದರು ಆಂಡಾಳಮ್ಮ.

ಇವರಿಗೆ ಅರ್ಥವಾಗಲಿಲ್ಲ. "ಯಾವಾಗ? ಆಲ್ಬಂ ಯಾಕೆ ಮುಟ್ಟಿದೆ?" ಎಂದು ರೇಗಿದರು.

"ಅರಿಶಿನ ಒಂದೇ ಅಲ್ಲ ಅಂದ್ರೆ. ಆ ಅಕ್ಷರ ಒತ್ತಿದ್ದೂ ನಾನೇ."

ಫ್ಯಾನು ಮೇಲೆ ಗಿರಗಿರ ಎನ್ನುತ್ತಿತ್ತು. ಮೇಷ್ಟ್ರು ಹೆಂಡತಿಯ ಮುಖವನ್ನೇ ನೋಡಿದರು, ಈಗ ನಗುತ್ತಾಳೆ, ತಮಾಷೆಗೆ ಅಂದೆ ಅನ್ನುತ್ತಾಳೆ ಎಂದು. ಆಕೆ ನಗಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೇ ಕಾಗದ ತಂದು ಮೇಜಿನ ಮೇಲಿಟ್ಟರು. ನಲವತ್ತೊಂದನೇ ಇಸವಿಯ ಅವರದೇ ಲಗ್ನಪತ್ರಿಕೆ. ನಾಲ್ಕು ಮೂಲೆಗೂ ಅರಿಶಿನ. ವರ ಬಿ.ಎ. ಪಾಸು ಮಾಡಿದ್ದಾನೆಂದು ಬೀಗಿದ ಮಾವನವರು ಹೆಸರನ್ನು ಇಂಗ್ಲಿಷಿನಲ್ಲೂ ಹಾಕಿಸಿದ್ದರು: ಎಂ. ಆರ್. ಪಾರ್ಥಸಾರಥಿ. ಮಾವನವರಿಗೆ ಮಂಡ್ಯದಲ್ಲಿ ಅಚ್ಚುಕೂಟ ಇತ್ತು. ಪತ್ರಿಕೆಯೂ ಅಲ್ಲೇ ಅಚ್ಚಾದದ್ದು.

"ಆ ಆರ್ ಅಕ್ಷರ ನೋಡಿ" ಎಂದರು ಆಂಡಾಳಮ್ಮ.

ಮೇಷ್ಟ್ರು ಭೂತಗನ್ನಡಿ ಹಿಡಿದರು. ಪತ್ರಿಕೆಯ ಆರ್ ಅಕ್ಷರದ ಕಾಲು ಒಂಚೂರು ಹೊರಕ್ಕೆ ಸೊಟ್ಟಗಾಗಿತ್ತು. ಸ್ಟಾಂಪಿನ ಮೇಲೆ ತಲೆಕೆಳಗಾಗಿ ನಿಂತ ಆರ್ ಅಕ್ಷರದ ಕಾಲೂ ಅದೇ ಸೊಟ್ಟ. ಮೂವತ್ತಮೂರು ವರ್ಷ ಹಗಲೂ ರಾತ್ರಿ ನೋಡಿದ ಕಾಲು! ಮನೆಯ ಟ್ರಂಕಿನಲ್ಲೇ ಅದರ ಜೋಡಿ ಕೂತಿತ್ತು.

"ಆ ಅಕ್ಷರದ ಅಚ್ಚಿನ ಮೊಳೆ ಒಂದ್ಸಲ ಕೆಳಗೆ ಬಿದ್ದು ಸೊಟ್ಟಗಾಗಿತ್ತು. ಅಪ್ಪ ಬಿಸಾಕಲಿಲ್ಲ. ಮೊಳೆ ಜೋಡಿಸೋದು ನಂಗೆ ಹತ್ತನೇ ವರ್ಷದಿಂದ ಗೊತ್ತು. ಮದುವೆ ಆಗಿ ಆರು ತಿಂಗಳು ನೀವು ನನ್ನ ಮುಖ ನೆಟ್ಟಗೆ ನೋಡಿರಲಿಲ್ಲ. ಯಾವಾಗ್ಲೂ ಆ ಪುಸ್ತಕ, ಆ ಕನ್ನಡಿ. ಬಾಯಿ ಬಿಟ್ರೆ ತಲೆಕೆಳಗಾದ ಮಾಫಿಯಾ ಒಂದು ಸಿಕ್ಕಿದ್ರೆ ಜನ್ಮ ಸಾರ್ಥಕ ಅನ್ನೋದು. ನಾನಾಗ ಹದಿನಾರು ವರ್ಷದ ಹುಡುಗಿ. ನಿಮ್ಮ ಹತ್ರ ಮೇಲೆ ಅಕ್ಷರ ಒತ್ತದ ಬರೀ ಹಡಗಿನ ಸ್ಟಾಂಪು ಎರಡಿತ್ತು. ಒಂದು ತಗೊಂಡು ತೌರಿಗೆ ಹೋದೆ. ಅಪ್ಪ ಊಟಕ್ಕೆ ಹೋದಾಗ ಒತ್ತಿದೆ. ಅಪ್ಪನ ಅಚ್ಚುಕೂಟದಲ್ಲಿ ಏನೇ ಅಚ್ಚಾಗಲಿ, ಮೊದಲನೇ ಪ್ರತಿಗೆ ಅರಿಶಿನ ಹಚ್ಚಿ ದೇವರ ಮುಂದೆ ಇಡೋದು ರೂಢಿ. ಕೈ ತಾನಾಗೇ ಹೋಯ್ತು."

ಮೇಷ್ಟ್ರಿಗೆ ನೆನಪಾಯಿತು. ಆ ವಾರ ಒಂದು ಸ್ಟಾಂಪು ಕಾಣದೆ ಮನೆಯೆಲ್ಲ ಜಾಲಾಡಿ, ಜಿರಲೆ ತಿಂದಿರಬೇಕೆಂದು ಜಿರಲೆಗೆ ಶಾಪ ಹಾಕಿದ್ದರು. ಅದಾಗಿ ನಾಲ್ಕೇ ದಿನಕ್ಕೆ ಹೆಂಡತಿ ತೌರಿನಿಂದ ಬಂದು "ಅಪ್ಪನ ರದ್ದಿ ಕಾಗದದಲ್ಲಿ ಸಿಕ್ಕಿತು" ಎಂದು ಇದನ್ನು ಕೈಗಿಟ್ಟಿದ್ದಳು. ನಾಲ್ಕು ದಿನದ ಅಂತರ! ಚರಿತ್ರೆ ಮೇಷ್ಟ್ರು, ಅಶೋಕನ ಇಸವಿ ಬಾಯಿಪಾಠ. ಇದೊಂದನ್ನು ಕೂಡಿಸಿ ನೋಡಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದರು.

"ನಕ್ಕು ಹೇಳೋಣ ಅಂತಲೇ ತಂದಿದ್ದು. ನೀವು ಅತ್ತುಬಿಟ್ರಿ. ನನ್ನ ಎರಡೂ ಕೈ ಹಿಡ್ಕೊಂಡು ಅತ್ರಿ. ಬೀದಿಗೆಲ್ಲ ಸಕ್ಕರೆ ಹಂಚಿದ್ರಿ. ಅವತ್ತು ಮೊದಲನೇ ಸಲ ನನ್ನ ಮುಖ ನೋಡಿದ್ರಿ. ಹೆಂಗೆ ಹೇಳಲಿ?"

ಮೇಷ್ಟ್ರು ಕೂಗಾಡಬೇಕಿತ್ತು. ಆಂಡಾಳಮ್ಮ ಅದಕ್ಕೆ ಸಿದ್ಧವಾಗೇ ಕೂತಿದ್ದರು. ಆದರೆ ಅವರ ಬಾಯಿಂದ ಬಂದದ್ದು ಒಂದೇ ಹೆಸರು.

"ಕೆಂಪಸಿದ್ದಯ್ಯ."

ಆಂಡಾಳಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು.

ಐವತ್ತಾರನೇ ಇಸವಿಯ ಮಾತು. ಮಳವಳ್ಳಿಯ ಸ್ಕೂಲಿನಲ್ಲಿ ವಸ್ತುಪ್ರದರ್ಶನ. ಮೇಷ್ಟ್ರ ಸ್ಟಾಂಪುಗಳಿಗೇ ಒಂದು ಕೋಣೆ, ಬಾಗಿಲಲ್ಲಿ ಮೈಕು. ಬೆಳಕವಾಡಿಯ ರೈತ ಹೊನ್ನಯ್ಯ ತನ್ನ ಅಪ್ಪ ಕೆಂಪಸಿದ್ದಯ್ಯನನ್ನು ಕರೆದುಕೊಂಡು ಬಂದಿದ್ದ. ಮುದುಕನ ರುಮಾಲಿನ ಮಡಿಕೆಯಲ್ಲಿ ಒಂದು ಸ್ಟಾಂಪು. ಹಸಿರು ಹಡಗು, ತಲೆಕೆಳಗಾದ ಅಕ್ಷರ. ಯುದ್ಧದಲ್ಲಿ ಹೇಸರಗತ್ತೆ ಮೇಯಿಸಲು ಆ ದ್ವೀಪಕ್ಕೆ ಹೋಗಿದ್ದನಂತೆ, ತಪ್ಪಾಗಿ ಒತ್ತಿದ್ದೆಂದು ಅಲ್ಲಿಯ ಅಂಚೆಯವನೊಬ್ಬ ಬಿಟ್ಟಿ ಕೊಟ್ಟಿದ್ದನಂತೆ. ಊರಿನಲ್ಲಿ ಮಾತ್ರ ಯಾರೂ ನಂಬಿರಲಿಲ್ಲ. ಮೂರು ವರ್ಷ ಮೈಸೂರಲ್ಲಿ ಯಾರ ಮನೆ ಕುದುರೆ ತಿಕ್ಕುತ್ತಿದ್ದನೋ, ಬಂದು ಆಫ್ರಿಕಾ ಅಂತಾನೆ ಎಂದು ಆಡಿಕೊಳ್ಳುತ್ತಿದ್ದರು. ಮುದುಕನ ಹತ್ತಿರ ಇದ್ದ ಸಾಕ್ಷಿ ಅದೊಂದೇ ಸ್ಟಾಂಪು.

ಮೇಷ್ಟ್ರು ಅದನ್ನು ತಮ್ಮದರ ಪಕ್ಕದಲ್ಲಿಟ್ಟು ನೋಡಿದ್ದರು. ಸ್ಟಾಂಪುಗಳ ವಿವರ ಕೊಡುವ ಪುಸ್ತಕದಲ್ಲಿ ಇದರ ಚಿತ್ರವಿರಲಿಲ್ಲ, ಒಂದೇ ಸಾಲು ವಿವರಣೆ. ಹಾಗಾಗಿ ತಮ್ಮದೇ ಪ್ರಮಾಣ. ತಮ್ಮದರಲ್ಲಿ ಆರ್ ಅಕ್ಷರದ ಕಾಲು ಸೊಟ್ಟ, ಮುದುಕನದರಲ್ಲಿ ನೆಟ್ಟಗೆ. "ಇದು ಖೋಟಾ" ಎಂದರು, ಅದೂ ಮೈಕಿನಲ್ಲಿ. ಬೆಳಕವಾಡಿಯಿಂದ ಬಂದಿದ್ದ ಐವತ್ತು ಜನ ಕಿಸಕ್ಕನೆ ನಕ್ಕರು. "ಮುತ್ತೆತ್ತರಾಯನಾಣೆಗೂ ನಾ ವೋಗಿದ್ದೆ ಸ್ವಾಮಿ" ಎಂದ ಕೆಂಪಸಿದ್ದಯ್ಯ. "ಆಣೆ ಪ್ರಮಾಣ ಬೇಡ ಕಣಯ್ಯ, ಅಕ್ಷರ ಸಾಕು" ಎಂದರು ಮೇಷ್ಟ್ರು. ಖೋಟಾ ಸ್ಟಾಂಪು ಮತ್ತೆ ಯಾರಿಗೂ ಮೋಸ ಮಾಡದಿರಲೆಂದು ಬೆನ್ನಿಗೆ ಗುರುತು ಹಾಕುವುದು ಸ್ಟಾಂಪಿನವರ ಪದ್ಧತಿ. ಅದಕ್ಕೆಂದೇ ರಬ್ಬರ್ ಮೊಹರು ಮಾಡಿಸಿಟ್ಟಿದ್ದರು. ಮುದುಕನ ಕಣ್ಣೆದುರಿಗೇ ಸ್ಟಾಂಪು ಮಗುಚಿ, ನೇರಳೆ ಶಾಯಿಯಲ್ಲಿ "ನಕಲಿ" ಎಂದು ಒತ್ತಿ ವಾಪಸು ಕೊಟ್ಟರು.

"ಅವತ್ತು ಮನೆಗೆ ಬಂದು, ಒಬ್ಬನ ಬಣ್ಣ ಬಯಲು ಮಾಡಿದೆ ಅಂತ ಹೆಮ್ಮೆಯಿಂದ ಹೇಳಿದ್ರಿ" ಎಂದರು ಆಂಡಾಳಮ್ಮ. "ಮೊಹರು ಒತ್ತಿ ಆಗೋಗಿದೆ, ಇನ್ನೇನು ಹೇಳೋದು ಅಂದ್ಕೊಂಡೆ. ಪಾಪಿ ನಾನು."

"ಪಾಪಿ ನೀನಲ್ಲ" ಎಂದರು ಮೇಷ್ಟ್ರು.

ಮಾರನೇ ದಿನ ದೆಹಲಿಗೆ ಹೋದದ್ದು ಸ್ಟಾಂಪಲ್ಲ, ಒಂದು ಕಾರ್ಡು: ನನ್ನದು ಖೋಟಾ, ಕ್ಷಮಿಸಿ. ಅದನ್ನು ಡಬ್ಬಕ್ಕೆ ಹಾಕಿ ಗಂಡ ಹೆಂಡತಿ ಮಳವಳ್ಳಿ ಬಸ್ಸು ಹತ್ತಿದರು. ಅಲ್ಲಿ ಇಳಿದು ಬೆಳಕವಾಡಿಯ ಬಸ್ಸು. ಮೇಷ್ಟ್ರ ಮಡಿಲಲ್ಲಿ ತಮ್ಮ ಸ್ಟಾಂಪು, ರಬ್ಬರ್ ಮೊಹರು, ಶಾಯಿ ಪ್ಯಾಡು. ಮುದುಕನ ಕೈಯಿಂದಲೇ ತಮ್ಮದರ ಮೇಲೆ ಒತ್ತಿಸಬೇಕು, ಕಾಲಿಗೆ ಬೀಳಬೇಕಾದರೆ ಬೀಳಬೇಕು, ಅದೊಂದೇ ಅವರ ತಲೆಯಲ್ಲಿದ್ದದ್ದು. ಹದಿನೆಂಟು ವರ್ಷದಲ್ಲಿ ಮುದುಕನಿಗೆ ಎಷ್ಟು ವಯಸ್ಸಾಗಿರಬಹುದು ಎಂದು ಯೋಚಿಸಲೇ ಇಲ್ಲ.

ಹೊನ್ನಯ್ಯ ಜಗುಲಿಯ ಮೇಲೆ ನೊಗಕ್ಕೆ ಹಗ್ಗ ಹೊಸೆಯುತ್ತಿದ್ದ. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಹಿಡಿದ ಮೇಲೂ ಎದ್ದು ಚಾಪೆ ಹಾಸಿದ. "ಬನ್ನಿ, ಕುಂತ್ಕಳಿ ಮೇಷ್ಟ್ರೆ. ಬನ್ನಿ ಅವ್ವಾ" ಎಂದ. ಮೇಷ್ಟ್ರು ಕೂರಲಿಲ್ಲ.

"ನಿಮ್ಮ ತಂದೆ ಎಲ್ಲಿ?"

"ಅಪ್ಪ ವೋಗಿ ವದ್ನೇಳು ವರ್ಸ ಆಯ್ತು. ನೀವು ಮೊಹರು ವತ್ತುದ್ರಲ್ಲ, ಆ ಮಗ್ಗುಲು ವರ್ಸವೇ."

ಮೇಷ್ಟ್ರು ಈಗ ಕೂತರು. ಕೂತಲ್ಲಿಂದಲೇ ಎಲ್ಲ ಹೇಳಿದರು, ಸುಣ್ಣ, ಅರಿಶಿನ, ಸೊಟ್ಟ ಕಾಲು, ಒಂದೂ ಬಿಡದೆ. "ನನ್ನದು ಸುಳ್ಳು ಕಣಪ್ಪ. ನಿಮ್ಮ ತಂದೆಯದೇ ನಿಜ" ಎಂದರು. ಒತ್ತಿದವಳು ನಾನು ಎಂದು ಆಂಡಾಳಮ್ಮ ತಮ್ಮ ಪಾಲಿನದನ್ನು ತಾವೇ ಹೇಳಿದರು, ಗಂಡನ ಬಾಯಿಗೆ ಬಿಡಲಿಲ್ಲ.

ಹೊನ್ನಯ್ಯ ಹಗ್ಗ ಕೆಳಗಿಟ್ಟ. ಅವನ ಕಿವಿ ಕೆಂಪಾಗಿತ್ತು. "ಏನ್ ಮೇಷ್ಟ್ರೇ ಇದು! ವದ್ನೆಂಟು ವರ್ಸ ಆದ್ಮೇಕೆ ಬಂದು ಇಂಗಂತೀರಲ್ಲ! ಅಪ್ಪ ಸಂತೆಗೆ ವೋಗದು ಬುಟ್ಬುಟ್ಟ. ಐಕ್ಳು ದಾರೀಲಿ ಆಪ್ರಿಕಾ, ಆಪ್ರಿಕಾ ಅಂತ ಕೂಗವು. ಅದ್ಯಾರು ವಾಪಸ್ ತಂದ್ಕೊಟ್ಟಾರು?"

"ಮೈಕಿನಲ್ಲಿ ಹೇಳಿದ್ದೆ. ಮೈಕಿನಲ್ಲೇ ಹೇಳ್ತೀನಿ. ಊರೆಲ್ಲ ಸೇರಿಸು, ನಾನೇ ಸುಳ್ಳ ಅಂತ ಹೇಳ್ತೀನಿ."

"ಯಾರ್ಗೇಳೀರಿ? ನಕ್ಕೋರ್ನಲ್ಲಿ ಅರ್ಧ ಜನ ಸತ್ತವ್ರೆ. ಮಿಕ್ಕೋರ್ಗೆ ಗ್ಯಾನ ಇಲ್ಲ."

ಅಷ್ಟು ಹೊತ್ತೂ ಬಾಗಿಲ ಪಕ್ಕದಲ್ಲಿ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಹೊನ್ನಯ್ಯನ ತಾಯಿ ಸಣ್ಣತಾಯಮ್ಮ. ಕಿವಿ ಕೇಳಿಸುತ್ತದೋ ಇಲ್ಲವೋ ಎಂದುಕೊಂಡಿದ್ದರು ಮೇಷ್ಟ್ರು. ಎಲ್ಲವೂ ಕೇಳಿಸಿತ್ತು. ಆಕೆ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿ, ಒಳಗಿನ ಪುಟ್ಟ ಜೇಬಿಗೆ ಎರಡು ಬೆರಳು ತೂರಿಸಿ ಏನೋ ತೆಗೆದು ಮೇಷ್ಟ್ರ ಅಂಗೈಗೆ ಹಾಕಿದಳು.

ಅದೇ ಸ್ಟಾಂಪು. ಅಂಚಿನ ಹಲ್ಲುಗಳು ಉದುರಿಹೋಗಿದ್ದವು. ಮಧ್ಯೆ ಮಡಿಕೆ ಬಿದ್ದು ಹಡಗು ಎರಡು ತುಂಡಾದ ಹಾಗಿತ್ತು. ಹೊಗೆಸೊಪ್ಪಿನ ಕಂದು, ಅಂಚಿನಲ್ಲಿ ಗರಿಗಟ್ಟಿದ ಸುಣ್ಣ. ಆ ಸುಣ್ಣದ ಅಡಿಯಲ್ಲಿ ಎಲ್ಲೂ ಕೆಂಪಿರಲಿಲ್ಲ. ಕಪ್ಪು ಅಕ್ಷರ ಇದ್ದ ಹಾಗೇ ಇತ್ತು, ಆರ್ ಅಕ್ಷರದ ಕಾಲು ನೆಟ್ಟಗೆ ನಿಂತಿತ್ತು. ತಿರುಗಿಸಿದರೆ ನೇರಳೆ ಬಣ್ಣದ "ನಕಲಿ". ಅದೂ ಮಾಸಿರಲಿಲ್ಲ. ಮೇಷ್ಟ್ರು ತಾವು ತಂದಿದ್ದ ಮೊಹರನ್ನು ಮಡಿಲಿನಿಂದ ತೆಗೆಯಲೇ ಇಲ್ಲ. ಅದನ್ನು ಯಾವ ಮುಖದಿಂದ ತೆಗೆಯುವುದು?

"ಅಂಗಾರೆ ಅವ್ನು ವೋಗಿದ್ನಾ ಸ್ವಾಮಿ?" ಎಂದು ಕೇಳಿದಳು ಸಣ್ಣತಾಯಮ್ಮ.

"ಹೋಗಿದ್ದರು ಕಣಮ್ಮ."

"ಆ ನೀರು ದಾಟಿ?"

"ಸಮುದ್ರ ದಾಟಿ ಹೋಗಿದ್ದರು. ಅವರು ಹೇಳಿದ್ದೆಲ್ಲ ನಿಜ."

ಮುದುಕಿ ಎಲೆಅಡಿಕೆ ಚೀಲದ ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಹೊನ್ನಯ್ಯ "ಅವ್ವೋ, ಈಗ್ಲಾರ ಗೊತ್ತಾಯ್ತಲ್ಲ, ಬುಡು" ಎಂದ.

"ನೀ ಸುಮ್ಕಿರ್ಲಾ" ಎಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. "ಊರ್ನೋರು ನಗಾಡುದ್ರು, ಅವ್ನು ತಡ್ಕಂಡ. ಸಾಯೋ ದಿನ ನನ್ ಕೈ ಇಡ್ಕಂಡು ಕೇಳ್ದ. ಯಾರಾರ ನಂಬ್ಲಿ ಬುಡ್ಲಿ, ನೀ ನಂಬ್ತೀಯ ತಾನೇ ಅಂದ. ನಾನು ಮಾತಾಡ್ನಿಲ್ಲ. ಅಲ್ಲೀಗಂಟ ನಂಬಿದ್ದೆ ಸ್ವಾಮಿ, ನಾನೊಬ್ಳೇ ನಂಬಿದ್ದೆ. ಆದ್ರೆ ನೀವು ಓದ್ದೋರು, ಮೇಷ್ಟ್ರು, ಸುಳ್ಳೇಳ್ತೀರಾ ಅಂದ್ಕಬುಟ್ಟೆ. ಸುಮ್ಕೆ ಮಕ ತಿರುಗುಸ್ಕಂಡೆ. ಅವ್ನು ಅಂಗೇ ವೋಗ್ಬುಟ್ಟ."

ಹೊನ್ನಯ್ಯನಿಗೂ ಇದು ಗೊತ್ತಿರಲಿಲ್ಲವೆಂದು ಅವನ ಮುಖವೇ ಹೇಳಿತು. ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. ಅಂಗೈಯಲ್ಲಿದ್ದ ಆ ಚೂರು ಕಾಗದ ಹೊರಲಾರದ ಭಾರವಾಯಿತು. ಆಂಡಾಳಮ್ಮ ಗಳಗಳ ಅತ್ತುಬಿಟ್ಟರು.

ಸಣ್ಣತಾಯಮ್ಮ ಅಳಲಿಲ್ಲ. ಕೋಲೂರಿ ಎದ್ದಳು. "ಬನ್ನಿ" ಎಂದಳು.

"ಎಲ್ಗವ್ವಾ?" ಎಂದ ಹೊನ್ನಯ್ಯ.

"ವೊಲುಕ್ಕೆ. ಅವ್ನ್ ಮಣ್ಮಾಡಿರೋ ತಾವ್ಕೆ." ಮುದುಕಿ ಮೇಷ್ಟ್ರ ಕೈಯನ್ನು ಸ್ಟಾಂಪಿನ ಸಮೇತ ಗಟ್ಟಿಯಾಗಿ ಹಿಡಿದುಕೊಂಡಳು. "ನೀವೇ ಬಂದು ಅವ್ನ್ಗೆ ಏಳಿ ಸ್ವಾಮಿ. ನಾನೊಬ್ಳೇ ವೋಗಿ ಏಳುದ್ರೆ ಅವ್ನು ನಂಬಾಕಿಲ್ಲ."

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಳ್ಳದೆ ಅವಳ ಹಿಂದೆ ಅಂಗಳಕ್ಕಿಳಿದರು. ಆಂಡಾಳಮ್ಮ ಕಣ್ಣೊರೆಸಿಕೊಂಡು ಮುದುಕಿಯ ಇನ್ನೊಂದು ಕೈ ಹಿಡಿದುಕೊಂಡರು.